ತಕ್ಕಡಿಗೆ ಮುದ್ರೆ ಉಂಟು, ಟ್ರಿಗರ್‌ಗೆ ಯಾಕಿಲ್ಲ?

ಮಂಡಿಪೇಟೆಯಲ್ಲಿ ಕಾಲು ಕಿಲೋ ಜೀರಿಗೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಸರ್ಕಾರಿ ಮುದ್ರೆ ಬೀಳಲೇಬೇಕು. ಮುದ್ರೆ ತಪ್ಪಿದರೆ ತೂಕ-ಅಳತೆ ಇಲಾಖೆಯವರು ಬಾಗಿಲಲ್ಲಿ ಹಾಜರ್. ದಂಡ, ರಸೀದಿ, ಎರಡು ದಿನ ವ್ಯಾಪಾರ ಖೋತಾ. ಅದೇ ಬೀದಿಯ ಯಾವುದೋ ಗಲ್ಲಾದೊಳಗೆ, ನೋಟಿನ ಕಟ್ಟಿನ ಪಕ್ಕದಲ್ಲಿ ಲೈಸೆನ್ಸ್ ಪಿಸ್ತೂಲು ಮಲಗಿದ್ದರೆ, ಅದರ ಟ್ರಿಗರ್ ಎಷ್ಟು ತೂಕಕ್ಕೆ ಬಿಡುತ್ತದೆ ಅಂತ ಕೇಳುವವರು ಯಾರೂ ಇಲ್ಲ.

ಕೇಳಬೇಕಾದ ಕಾಲ ಬಂದಿದೆ. ಮೊಬೈಲಿನಲ್ಲಿ ಈಗ ಅಮೆರಿಕದ ಮಹಾಶಯರು ಅಡುಗೆ ಕಲಿಸಿದಷ್ಟೇ ಸಲೀಸಾಗಿ ಪಿಸ್ತೂಲಿನ ಟ್ರಿಗರ್ ಹಗುರ ಮಾಡುವುದನ್ನು ಕಲಿಸುತ್ತಾರೆ. ಆ ಸ್ಪ್ರಿಂಗ್ ತೆಗಿ, ಈ ಸ್ಪ್ರಿಂಗ್ ಹಾಕು, ಅಲ್ಲಿ ಸ್ವಲ್ಪ ಪಾಲಿಶ್ ಹೊಡಿ. ನೋಡಿದವನ ಕೈ ಸುಮ್ಮನಿರುತ್ತದೆಯೇ? ವಿಡಿಯೊದಲ್ಲಿರುವುದು ಗ್ಲಾಕ್. ನಮ್ಮ ಕಡೆ ಗಲ್ಲಾದಲ್ಲಿರುವುದು ಹೆಚ್ಚಾಗಿ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್, ಇಲ್ಲವೇ ‘ಅಶನಿ’ ಪಿಸ್ತೂಲು. ಒಳಗಿನ ಯಂತ್ರವೇ ಬೇರೆ. ಎತ್ತಿನ ಗಾಡಿಗೆ ಲಾರಿಯ ಗೇರ್ ಕೂರಿಸಿದ ಹಾಗೆ.

ಗ್ಲಾಕ್ ಮಾದರಿಯದನ್ನು ಸ್ಟ್ರೈಕರ್ ಪಿಸ್ತೂಲು ಅನ್ನುತ್ತಾರೆ. ಹಿಂದೆ ಹ್ಯಾಮರ್ ಇಲ್ಲ. ಗುಂಡಿಗೆ ಬಡಿಯುವ ಮೊಳೆ ಒಳಗೇ ಸ್ಪ್ರಿಂಗಿನ ಮುಂದೆ ಅರ್ಧ ಬಿಗಿದು ಕಾದಿರುತ್ತದೆ. ಟ್ರಿಗರ್ ಎಳೆದರೆ ಬಾಕಿ ಬಿಗಿ ಪೂರ್ತಿಯಾಗಿ ಕೊಂಡಿ ಕಳಚುತ್ತದೆ. ಹ್ಯಾಮರ್ ಇರುವ ಪಿಸ್ತೂಲಾದರೆ ಎದ್ದು ನಿಂತಿದೆಯೋ ಮಲಗಿದೆಯೋ ಕಣ್ಣಿಗೆ ಕಾಣುತ್ತದೆ. ಇದರಲ್ಲಿ ಎಲ್ಲವೂ ಹೊಟ್ಟೆಯೊಳಗೆ. ಹಾಗಾಗಿಯೇ ಕಾರ್ಖಾನೆಯವನು ಟ್ರಿಗರ್‌ಗೆ ಬಲವಾದ ಎಳೆತ ಇಟ್ಟಿರುವುದು. ಗ್ಲಾಕಿಗೆ ಬಹುಕಾಲದಿಂದ ಇದ್ದ ಲೆಕ್ಕ 5.5 ಪೌಂಡು, ಅಂದರೆ ಸುಮಾರು 2.5 ಕಿಲೋ.

ತೂಕ ಒಂದೇ ಲೆಕ್ಕವಲ್ಲ ಬಿಡಿ. ಬಸ್ ಡ್ರೈವರನ್ನು ಕೇಳಿದರೆ ಇದು ಬೇಗ ಅರ್ಥವಾಗುತ್ತದೆ. ಕ್ಲಚ್ ಪೆಡಲಿಗೆ ಮೊದಲು ಒಂದಿಷ್ಟು ಸಡಿಲ ಇರುತ್ತದೆ, ಆಮೇಲೆ ಬಿಗಿ ಸಿಗುತ್ತದೆ. ಸಡಿಲ ಯಾಕೆ ದಂಡಕ್ಕೆ ಅಂತ ಪೂರ್ತಿ ಬಿಗಿದರೆ ಪ್ಲೇಟು ಸವೆದು ಬಸ್ಸು ಏರಿನಲ್ಲಿ ಉಸಿರು ಬಿಡುತ್ತದೆ. ಟ್ರಿಗರ್‌ನದೂ ಹಾಗೆಯೇ. ಮೊದಲು ಸಡಿಲ, ಆಮೇಲೆ ಗೋಡೆಯಂಥ ಬಿಗಿ, ಆಮೇಲೆ ಕಳಚಿಕೊಳ್ಳುವುದು. ಆ ಸಡಿಲದಲ್ಲೇ ಒಳಗಿನ ತಡೆಗಳು ಒಂದೊಂದಾಗಿ ಸರಿಯುತ್ತವೆ. ಸ್ಪ್ರಿಂಗ್ ತೀರಾ ಮೆತ್ತಗಾದರೆ ಬೇಕಾದಾಗ ಗುಂಡು ಹಾರದಿರಬಹುದು. ಕೊಂಡಿಯ ಅಂಚನ್ನು ಅರದಿಂದ ಉಜ್ಜಿದರೆ ಬೇಡವಾದಾಗ ಹಾರಬಹುದು. ಉಕ್ಕಿನ ಮೇಲಿನ ಗಟ್ಟಿ ಪದರ ತೆಳುವಾದದ್ದು. ಅದು ಹೋದ ಮೇಲೆ ಸವೆತ ಎಲ್ಲಿಗೆ ನಿಲ್ಲುತ್ತದೆ ಅಂತ ಉಜ್ಜಿದವನಿಗೂ ಗೊತ್ತಿರುವುದಿಲ್ಲ.

ಹಾಗಾದರೆ ಭಾರ ಮಾಡಿಬಿಟ್ಟರೆ ಕ್ಷೇಮವೇ? ಅದನ್ನೂ ನ್ಯೂಯಾರ್ಕಿನವರು ಮಾಡಿ ನೋಡಿದ್ದಾರೆ. 1990ರ ದಶಕದಲ್ಲಿ ಅಲ್ಲಿನ ಪೊಲೀಸರು ರಿವಾಲ್ವರ್ ಬಿಟ್ಟು ಪಿಸ್ತೂಲಿಗೆ ಬಂದರು. ಪೇದೆಯ ಬೆರಳು ಅವಸರ ಮಾಡದಿರಲಿ ಅಂತ ಟ್ರಿಗರನ್ನು 12 ಪೌಂಡಿಗೆ ಏರಿಸಿದರು, ಐದೂವರೆ ಕಿಲೋ ಹತ್ತಿರ. 2012ರ ಆಗಸ್ಟ್ 24ರಂದು ಎಂಪೈರ್ ಸ್ಟೇಟ್ ಕಟ್ಟಡದ ಎದುರು ಇಬ್ಬರು ಪೊಲೀಸರು ಒಬ್ಬ ಕೊಲೆಗಾರನ ಮೇಲೆ 16 ಗುಂಡು ಹಾರಿಸಿದರು. ಅವನು ಸತ್ತ. ಜೊತೆಗೆ ದಾರಿಹೋಕರು 9 ಮಂದಿ ಗಾಯಗೊಂಡರು, ಎಲ್ಲಾ ಪೊಲೀಸರ ಗುಂಡು ಇಲ್ಲವೇ ಅದರ ಚೂರುಗಳಿಂದಲೇ. ಅಷ್ಟು ಭಾರದ ಟ್ರಿಗರ್ ಎಳೆಯುವಾಗ ಪಿಸ್ತೂಲಿನ ಮೂತಿ ಪಕ್ಕಕ್ಕೆ ವಾಲದೆ ಇರುತ್ತದೆಯೇ ಅಂತ ಆಗಲೇ ಚರ್ಚೆ ಎದ್ದಿತು.

ಭಾರದಿಂದ ಆಕಸ್ಮಿಕವಾದರೂ ತಪ್ಪಿತೇ? ಅದೂ ಇಲ್ಲ. 2014ರ ನವೆಂಬರ್ 20ರ ರಾತ್ರಿ ಬ್ರೂಕ್ಲಿನ್‌ನ ಒಂದು ಕತ್ತಲೆ ಮೆಟ್ಟಿಲಲ್ಲಿ ಹೊಸ ಪೇದೆಯೊಬ್ಬನ ಕೈಯ ಪಿಸ್ತೂಲು ಸಿಡಿಯಿತು. ಗುಂಡು ಗೋಡೆಗೆ ತಾಗಿ ಚಿಮ್ಮಿ ಕೆಳಗಿದ್ದ ಅಕಾಯ್ ಗರ್ಲಿ ಎಂಬ ತರುಣನ ಎದೆ ಹೊಕ್ಕಿತು. ನಿರಾಯುಧ, ಯಾವ ತಂಟೆಗೂ ಹೋಗದವನು. ಸದ್ದಿಗೆ ಬೆಚ್ಚಿಬಿದ್ದೆ, ಪಿಸ್ತೂಲು ತಾನಾಗಿ ಹಾರಿತು ಎಂದ ಪೇದೆ. ಜ್ಯೂರಿಯವರು ಆ ಟ್ರಿಗರನ್ನು ತಾವೇ ಎಳೆದು ನೋಡಿದರು. ಹನ್ನೊಂದೂವರೆ ಪೌಂಡು! ಬೆರಳು ಅದರ ಮೇಲಿರದೆ ಹಾರುವ ಮಾತೇ ಅಲ್ಲ ಅಂತ 2016ರಲ್ಲಿ ತಪ್ಪಿತಸ್ಥ ಎಂದರು. ಜೈಲಂತೂ ಆಗಲಿಲ್ಲ, ಅದು ಬೇರೆ ಕಥೆ.

ಕಾರ್ಖಾನೆಯವರೂ ತಪ್ಪುತ್ತಾರೆ. ಅಮೆರಿಕದ ಸೈನ್ಯಕ್ಕೆ ಆಯ್ಕೆಯಾದ ಪಿಸ್ತೂಲಿನ ಮೂಲ ಮಾದರಿ ಸಿಗ್ ಪಿ-320. ಅದು ಒಂದು ನಿರ್ದಿಷ್ಟ ಓರೆಯಲ್ಲಿ ನೆಲಕ್ಕೆ ಬಿದ್ದರೆ ಸಿಡಿಯಬಹುದು ಅಂತ 2017ರಲ್ಲಿ ಬಯಲಾಯಿತು. ಬಿದ್ದ ರಭಸಕ್ಕೆ ಟ್ರಿಗರ್ ತನ್ನ ಭಾರದಿಂದಲೇ ಹಿಂದಕ್ಕೆ ಸರಿಯುತ್ತಿತ್ತು. ಕಂಪನಿ ಅದೇ ಆಗಸ್ಟ್‌ನಲ್ಲಿ ಹಗುರವಾದ ಬಿಡಿಭಾಗ ಹಾಕಿಕೊಡುತ್ತೇವೆ ಎಂದು ಪ್ರಕಟಿಸಬೇಕಾಯಿತು. ಪ್ರಯೋಗಶಾಲೆ ಇಟ್ಟುಕೊಂಡವರ ಗತಿಯೇ ಇದಾದರೆ, ಅರ ಹಿಡಿದು ಅಂಗಡಿ ಹಿಂದೆ ಕೂತವನ ಪಾಡೇನು?

ಹಗುರ ಟ್ರಿಗರ್‌ಗೂ ಒಂದು ಜಾಗ ಉಂಟು, ಶೂಟಿಂಗ್ ಮೈದಾನ. 2013ರಲ್ಲಿ ಚಾಂಗ್ವಾನ್ ವಿಶ್ವಕಪ್‌ನಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ ಕಂಚು ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. ಆ ಪಂದ್ಯದಲ್ಲಿ ಟ್ರಿಗರ್‌ಗೆ 500 ಗ್ರಾಂ ಸಾಕು. ಆದರೆ 500ಕ್ಕಿಂತ ಕಡಿಮೆ ಇರಕೂಡದು. ಅಲ್ಲಿ ಮೂತಿ ಮೇಲೆ ಮಾಡಿ ಹಿಡಿದು ಟ್ರಿಗರ್‌ಗೆ ತೂಕದ ಕಲ್ಲು ನೇತುಹಾಕಿ ಎತ್ತುತ್ತಾರೆ. ಕಲ್ಲು ಮೇಲೇಳುವ ಮೊದಲೇ ಕಳಚಿಕೊಂಡರೆ ಆ ಪಿಸ್ತೂಲಿಗೆ ಪ್ರವೇಶವಿಲ್ಲ. ಎಂಥಾ ಪದಕ ವಿಜೇತನಾದರೂ ಅಷ್ಟೆ. ಸೀಸದ ಸಣ್ಣ ಚರೆ ಹಾರಿಸುವ ಗಾಳಿ ಪಿಸ್ತೂಲಿಗೆ ಇಷ್ಟು ಶಿಸ್ತು!

ಇಲ್ಲಿ ಏನಿದೆ? 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿ ರಿಪೇರಿಯ ಕಸುಬಿಗೂ ಲೈಸೆನ್ಸ್ ಬೇಕು. ಲೇತ್ ಇರುವವರೆಲ್ಲ ಮುಟ್ಟುವ ಹಾಗಿಲ್ಲ. ಮುಟ್ಟಿದ್ದಾರೋ ಇಲ್ಲವೋ ತಿಳಿಯುವುದು ಹೇಗೆ? ಲೈಸೆನ್ಸ್ ನವೀಕರಣಕ್ಕೆ ಹೋದಾಗ ನಂಬರು ನೋಡುತ್ತಾರೆ, ಬೋರು ನೋಡುತ್ತಾರೆ, ಕಾಗದ ತಾಳೆ ಹಾಕುತ್ತಾರೆ. ಟ್ರಿಗರ್ ತೂಗುವ ರೂಢಿ ಇಲ್ಲ. 2019ರ ತಿದ್ದುಪಡಿ ಬಂದ ಮೇಲೆ ಲೈಸೆನ್ಸಿನ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ. ಅಂದರೆ ಆ ಕಾಗದದ ತಪಾಸಣೆಯೂ 5 ವರ್ಷಕ್ಕೊಮ್ಮೆ.

ಪಿಸ್ತೂಲು ಇಟ್ಟುಕೊಂಡ ಯಜಮಾನರು ಇದನ್ನು ಕಿರುಕುಳ ಅಂದುಕೊಳ್ಳಬೇಕಿಲ್ಲ. ಗಲ್ಲಾ ಎಳೆಯುವಾಗ, ಮಗು ಬಂದು ಕೈಹಾಕುವಾಗ, ಸೊಂಟದಲ್ಲಿಟ್ಟು ತುಂಬಿದ ಬಸ್ಸಿನಲ್ಲಿ ನೂಕುನುಗ್ಗಲಲ್ಲಿ ನಿಂತಾಗ, ಮೊದಲು ಗುಂಡು ತಾಗುವುದು ಅವರಿಗೇ ಅಥವಾ ಪಕ್ಕದವರಿಗೆ.

ಖರ್ಚಿನ ಮಾತೂ ಇಲ್ಲ. ಬೇಕಾಗಿರುವುದು ಕೊಕ್ಕೆ ಇರುವ ಒಂದು ಸ್ಪ್ರಿಂಗ್ ತಕ್ಕಡಿ. ನೋಡಬಲ್ಲವರು ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಆರ್ಮರರ್ ಇದ್ದೇ ಇದ್ದಾರೆ. ದಿನವೂ ಗೊತ್ತುಮಾಡಬೇಕಿಲ್ಲ. ಪ್ರತಿ ಚುನಾವಣೆಗೂ ಲೈಸೆನ್ಸ್ ಕೋವಿಗಳನ್ನು ಸ್ಟೇಷನ್ನಿನಲ್ಲಿ ಠೇವಣಿ ಇಡಿಸಿಕೊಳ್ಳುತ್ತಾರಲ್ಲ, ವಾರಗಟ್ಟಲೆ ಅಲ್ಲೇ ಚೀಟಿ ಕಟ್ಟಿಸಿಕೊಂಡು ಧೂಳು ತಿನ್ನುತ್ತವೆ. ಗುಂಡು ತೆಗೆದು, ಒಂದೊಂದನ್ನೇ ತೂಗಿ, ಅದೇ ಚೀಟಿಯ ಮೇಲೆ ತೂಕ ಬರೆದಿಡಲಿ. ಮುಂದಿನ ಚುನಾವಣೆಗೆ ಬಂದಾಗ ಅರ್ಧ ಕಿಲೋ ಇಳಿದಿದ್ದರೆ, ಯಾರು ಉಜ್ಜಿದರು ಅಂತ ಕೇಳಬಹುದು.