ಕರಾವಳಿಯ ಹಾದಿ: ಲಾಭವೆಷ್ಟು, ಬಂಡವಾಳವೆಷ್ಟು?

ಕಳೆದ ಡಿಸೆಂಬರಿನಲ್ಲಿ ಕುಟುಂಬ ಸಮೇತನಾಗಿ ಮಂಗಳೂರಿನಿಂದ ಕಾರವಾರದವರೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾರಿನಲ್ಲಿ ಪ್ರಯಾಣಿಸುವ ಅವಕಾಶ ಒದಗಿತು. ಈ ಹೆದ್ದಾರಿಗೆ 17 ಎಂಬ ಸಂಖ್ಯೆಯಿದ್ದ ಕಾಲದಿಂದಲೂ ಲೆಕ್ಕಪರಿಶೋಧನೆಯ ನಿಮಿತ್ತ ಅದೇ ಹಾದಿಯಲ್ಲಿ ಎಷ್ಟೋ ಬಾರಿ ಓಡಾಡಿದ್ದೇನೆ. ಆದರೆ ತೊಡೆಯ ಮೇಲೆ ಕಡತಗಳಿರುತ್ತಿದ್ದ ಆ ದಿನಗಳಲ್ಲಿ ಕಿಟಕಿಯಾಚೆ ಕಣ್ಣು ಹಾಯಿಸಿದ್ದು ಕಡಿಮೆ. ಈ ಬಾರಿ ನೋಡಿದ್ದು ವೃತ್ತಿಯ ಕುರಿತಾದ ಒಂದು ಪ್ರಶ್ನೆಯನ್ನೇ ಮುಂದಿಟ್ಟಿತು. ಅದನ್ನು ಸದಸ್ಯ ಬಾಂಧವರೊಡನೆ ಹಂಚಿಕೊಳ್ಳಬಯಸುತ್ತೇನೆ.

ಮಲ್ಪೆಯಿಂದ ದೋಣಿಯಲ್ಲಿ ಸಾಗಿದರೆ ಸಿಗುವ ಸೇಂಟ್ ಮೇರೀಸ್ ದ್ವೀಪದ ಕಂಬಶಿಲೆಗಳು, ಮಡಗಾಸ್ಕರ್ ಭೂಭಾಗವು ಭಾರತದಿಂದ ಬೇರ್ಪಟ್ಟ ಕಾಲದ ಲಾವಾರಸ ತಣಿದು ರೂಪುಗೊಂಡವು. ಅವುಗಳ ವಯಸ್ಸು ಸುಮಾರು 8.8 ಕೋಟಿ ವರ್ಷ. ನಮ್ಮ ಕಂಪನಿ ಕಾಯಿದೆಯ ಅನುಸೂಚಿಯು ನಾವು ಕುಳಿತಿದ್ದಂಥ ಕಾರಿಗೆ ನಿಗದಿಪಡಿಸಿರುವ ಆಯುಸ್ಸು 8 ವರ್ಷ. ಮರವಂತೆಯಲ್ಲಿ ಹೆದ್ದಾರಿಯ ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಸೌಪರ್ಣಿಕಾ ನದಿ. ಮುರುಡೇಶ್ವರದಾಚೆ ಕಡಲ ನಡುವೆ ಹವಳಗಳಿಂದ ಕೂಡಿದ ನೇತ್ರಾಣಿ ದ್ವೀಪ. ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ ವನ, ಅದರ ಸಮೀಪದಲ್ಲೇ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ದಡವೇರುವ ಕಾಸರಕೋಡಿನ ಮರಳು. ಕುಮಟಾ ದಾಟಿದ ಬಳಿಕ ಅಣೆಕಟ್ಟಿಲ್ಲದೆ ಹರಿದು ಬರುವ ಅಘನಾಶಿನಿ. ಅದರ ಅಳಿವೆಯು 2024ರಲ್ಲಿ ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿತು. ಅಲ್ಲಿನ ಚಿಪ್ಪುಮೀನು ಹಾಗೂ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಹಲವಾರು ಕುಟುಂಬಗಳ ಅನ್ನವಾಗಿವೆ.

ಈ ಸಂಪತ್ತನ್ನು ಆಶ್ರಯಿಸಿ ವಸತಿಗೃಹ, ಉಪಾಹಾರ ಗೃಹ, ಟ್ಯಾಕ್ಸಿ, ದೋಣಿ ಮುಂತಾದ ಉದ್ಯಮಗಳು ಬೆಳೆದಿವೆ. ಅವುಗಳ ಲೆಕ್ಕಪತ್ರಗಳಿಗೆ ಸಹಿ ಹಾಕುವವರು ನನ್ನಂಥವರು. ಇಲ್ಲಿ ಒಂದು ತಪ್ಪೊಪ್ಪಿಗೆ ಅಗತ್ಯ. ಕೆಲವು ವರ್ಷಗಳ ಹಿಂದೆ ಒಂದು ಅಳಿವೆಯ ಬದಿಯ ವಸತಿಗೃಹಕ್ಕಾಗಿ ಬ್ಯಾಂಕಿಗೆ ಸಲ್ಲಿಸಬೇಕಾದ ಯೋಜನಾ ವರದಿಯನ್ನು ನಾನೇ ಸಿದ್ಧಪಡಿಸಿದ್ದೆ. ‘ನೈಸರ್ಗಿಕ ಸೌಂದರ್ಯ’ವನ್ನು ಗ್ರಾಹಕರ ಆಕರ್ಷಣೆಯ ಮೊದಲ ಕಾರಣವೆಂದು ಅದರಲ್ಲಿ ಬರೆದೆ. ಮೂರು ಪುಟಗಳ ನಂತರ ಅಲ್ಲಿಯೇ ಇದ್ದ ಕಾಂಡ್ಲಾ ಗಿಡಗಳ ಜಾಗವನ್ನು ‘ಅನುಪಯುಕ್ತ ಭೂಮಿ’ ಎಂದು ನಮೂದಿಸಿದೆ. ಅಂಕಿಗಳು ತಾಳೆಯಾದವು, ಸಾಲ ಮಂಜೂರಾಯಿತು. ಆ ಎರಡು ಪುಟಗಳು ಒಂದಕ್ಕೊಂದು ವಿರುದ್ಧವಾಗಿದ್ದವೆಂಬುದು ಬ್ಯಾಂಕಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಲೆಕ್ಕಶಾಸ್ತ್ರದ ಮೊದಲ ಪಾಠವೆಂದರೆ ಬಂಡವಾಳವನ್ನು ಒಡೆದು ಲಾಭಾಂಶ ಹಂಚಬಾರದು ಎಂಬುದು. ಹಾಗೆ ಮಾಡುವ ಸಂಸ್ಥೆ ಕೆಲಕಾಲ ಸಮೃದ್ಧವಾಗಿ ತೋರುತ್ತದೆ, ಅನಂತರ ಕುಸಿಯುತ್ತದೆ. ಕರಾವಳಿಯ ಬೆಟ್ಟ, ಮರಳು, ಅಳಿವೆಗಳ ವಿಷಯದಲ್ಲಿ ನಾವು ಮಾಡುತ್ತಿರುವುದು ಇದನ್ನೇ. ನಮ್ಮ ಆಸ್ತಿಪಟ್ಟಿಯಲ್ಲಿ ಅವುಗಳ ಹೆಸರಿಲ್ಲದ ಕಾರಣ ಅವುಗಳ ಸವಕಳಿಯೂ ಕಾಣಿಸುವುದಿಲ್ಲ.

ಕಾಣಿಸದ ಸವಕಳಿ ಒಂದು ದಿನ ತಾನಾಗಿಯೇ ಲೆಕ್ಕ ಒಪ್ಪಿಸುತ್ತದೆ. 2024ರ ಜುಲೈ 16ರಂದು ಅಂಕೋಲಾ ಸಮೀಪದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ರಸ್ತೆಬದಿಯ ಚಹಾದಂಗಡಿಯ ಕುಟುಂಬವೂ ಸೇರಿದಂತೆ ಹಲವರು ಪ್ರಾಣ ಕಳೆದುಕೊಂಡರು. ಮಣ್ಣು ಬಿದ್ದ ರಭಸಕ್ಕೆ ಗಂಗಾವಳಿಯ ನೀರು ಆಚೆ ದಡದ ಉಳುವರೆ ಗ್ರಾಮಕ್ಕೂ ನುಗ್ಗಿತು. ನದಿಯಲ್ಲಿ ಮುಳುಗಿದ್ದ ಒಂದು ಲಾರಿಯನ್ನು ಮೇಲೆತ್ತಿದ್ದು ಸೆಪ್ಟೆಂಬರಿನಲ್ಲಿ. ಮಳೆ ಅತಿಯಾಗಿತ್ತು, ನಿಜ. ಆದರೆ ಬುಡವನ್ನು ಕಡಿದಾಗಿ ಕತ್ತರಿಸಿದ ಗುಡ್ಡ ಅತಿ ಮಳೆಯನ್ನು ಹೇಗೆ ತಾಳೀತು ಎಂಬ ಪ್ರಶ್ನೆಯನ್ನು ಮಳೆಗಾಲಕ್ಕೆ ಮುನ್ನವೇ ಕೇಳಬೇಕಿತ್ತು. ಈ ಬಾರಿ ಆ ಸ್ಥಳದಲ್ಲಿ ಕಾರು ನಿಧಾನಿಸಿದಾಗ ನಮ್ಮಲ್ಲಿ ಯಾರೂ ಮಾತನಾಡಲಿಲ್ಲ.

ಈ ಲೇಖಕ ರಸ್ತೆ ಅಗಲೀಕರಣದ ವಿರೋಧಿಯಲ್ಲ. ಮೀನು ಸಾಗಿಸುವ ಲಾರಿಗೂ ರೋಗಿಯನ್ನು ಹೊತ್ತ ಆಂಬುಲೆನ್ಸಿಗೂ ಉತ್ತಮ ಹೆದ್ದಾರಿ ಬೇಕು. ಹಳೆಯ ಎರಡು ಪಥಗಳ ರಸ್ತೆಯಲ್ಲಿ ಆಗುತ್ತಿದ್ದ ಅಪಘಾತಗಳನ್ನು ನಾನೂ ಕಂಡಿದ್ದೇನೆ. ಆದರೆ ಗುಡ್ಡವನ್ನು ಇಳಿಜಾರಾಗಿ, ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ ನೀರು ಹರಿದುಹೋಗಲು ದಾರಿ ಮಾಡುವ ಖರ್ಚನ್ನು ‘ಹೆಚ್ಚುವರಿ’ ಎಂದು ಕರೆಯುವುದು ತಪ್ಪು. ಅದು ಕಾಮಗಾರಿಯ ನಿಜವಾದ ವೆಚ್ಚದ ಭಾಗ. ಅದನ್ನು ಉಳಿಸಿದರೆ ಬೇರೆ ಯಾರೋ ಅದನ್ನು ತೆರಬೇಕಾಗುತ್ತದೆ.

ಈ ಹಿನ್ನೆಲೆಯಲ್ಲಿ ನಮ್ಮ ಸಂಸ್ಥೆಯ ಮುಂದೆ ಮೂರು ಸಲಹೆಗಳನ್ನು ಇಡುತ್ತೇನೆ. ಮೊದಲನೆಯದಾಗಿ, ಪ್ರತಿವರ್ಷ ಮೇ ತಿಂಗಳಿಗೆ ಮುನ್ನ ಹೆದ್ದಾರಿಯ ಕಡಿದ ಗುಡ್ಡಗಳನ್ನು ಭೂವಿಜ್ಞಾನಿಗಳಿಂದ ಪರಿಶೀಲಿಸಿ, ಕಂಪನಿಗಳು ವಾರ್ಷಿಕ ಲೆಕ್ಕಪತ್ರ ಪ್ರಕಟಿಸುವಂತೆಯೇ ಆ ವರದಿಯನ್ನು ಪ್ರಕಟಿಸಬೇಕೆಂದು ಸರ್ಕಾರವನ್ನು ಒತ್ತಾಯಿಸಬೇಕು. ಎರಡನೆಯದಾಗಿ, ಕಡಲತೀರದ ವಸತಿಗೃಹಗಳ ಮಾಲೀಕರಾದ ಸದಸ್ಯರು ಆಮೆಗಳ ಋತುವಿನಲ್ಲಿ ಕಡಲಿಗೆ ಮುಖ ಮಾಡಿದ ದೀಪಗಳನ್ನು ಆರಿಸಬೇಕು ಅಥವಾ ಮಬ್ಬುಗೊಳಿಸಬೇಕು. ಮೊಟ್ಟೆಯೊಡೆದ ಮರಿಗಳು ಬೆಳಕಿನ ದಿಕ್ಕನ್ನು ನಂಬಿ ಕಡಲು ಸೇರುತ್ತವೆ, ನಮ್ಮ ದೀಪಗಳು ಅವುಗಳ ದಾರಿ ತಪ್ಪಿಸುತ್ತವೆ. ಈ ಸುಧಾರಣೆಗೆ ತಗಲುವ ವೆಚ್ಚ ಅತ್ಯಲ್ಪ. ವಿದ್ಯುತ್ ಬಿಲ್ಲಿನಲ್ಲಿ ಉಳಿತಾಯವೂ ಆದೀತು. ಮೂರನೆಯದಾಗಿ, ಕರಾವಳಿಯ ಪ್ರತಿ ಯೋಜನಾ ವರದಿಯಲ್ಲಿ ಒಂದು ಪುಟ ಮೀಸಲಿಡಬೇಕು: ಸ್ಥಳದಲ್ಲಿರುವ ಪ್ರಾಕೃತಿಕ ಆಸ್ತಿ ಯಾವುದು, ಯೋಜನೆಯಿಂದ ಅದಕ್ಕಾಗುವ ಹಾನಿಯೇನು, ಅದರ ಪಾಲನೆಯ ಖರ್ಚನ್ನು ಯಾರು ಭರಿಸುತ್ತಾರೆ?

ಮೂರನೆಯ ಸಲಹೆಗೆ ಯಾರ ಅಪ್ಪಣೆಯೂ ಬೇಕಿಲ್ಲವಾದ್ದರಿಂದ ಈ ಆರ್ಥಿಕ ವರ್ಷದಿಂದ ನನ್ನ ಕಚೇರಿಯಲ್ಲಿ ಅದನ್ನು ಜಾರಿಗೆ ತಂದಿದ್ದೇನೆ. ಒಬ್ಬ ಕಕ್ಷಿದಾರರು ಆ ಪುಟವನ್ನು ಕೈಬಿಡುವಂತೆ ಕೇಳಿಕೊಂಡರು. ನಾನು ಒಪ್ಪದಿದ್ದಾಗ ಕಡತವನ್ನು ಮರಳಿ ಒಯ್ದರು. ಶುಲ್ಕ ಕೈತಪ್ಪಿತೆಂಬುದು ಸತ್ಯ. ಆದರೆ ‘ಅನುಪಯುಕ್ತ’ ಎಂಬ ಪದವನ್ನು ಮತ್ತೊಮ್ಮೆ ಬರೆಯುವ ಪ್ರಮೇಯ ತಪ್ಪಿತೆಂಬ ಸಮಾಧಾನ ನನ್ನ ಪಾಲಿಗೆ ಉಳಿದಿದೆ.