ಥೈರಾಯ್ಡ್ ಆಪರೇಷನ್: ದನಿಯ ನರಕ್ಕೊಂದು ಕಾವಲು

ಮಲೆನಾಡಿನ ಒಂದು ಊರಿನಿಂದ ತಾಯಿಯೊಬ್ಬರು ಬರೆದ ಕಾಗದ ನನ್ನ ಮುಂದಿದೆ. ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಏಳನೇ ವಯಸ್ಸಿನಿಂದ ಸಂಗೀತ ಪಾಠ. ಜೂನಿಯರ್ ಮುಗಿಸಿ ಸೀನಿಯರ್ ಪರೀಕ್ಷೆಗೆ ತಯಾರಿ ನಡೆಸಿದ್ದಾಳೆ. ಅವಳ ಕೊರಳಿನ ಬಲಗಡೆ ನೆಲ್ಲಿಕಾಯಿ ಗಾತ್ರದ ಗಂಟು. ಸೂಜಿ ಪರೀಕ್ಷೆಯ ವರದಿಯಲ್ಲಿ 'ನಾಲ್ಕನೇ ವರ್ಗ' ಎಂದಿದೆಯಂತೆ. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಬರೆದಿಲ್ಲ. ಅರ್ಧ ಥೈರಾಯ್ಡ್ ತೆಗೆಸಿ ಎಂದು ವೈದ್ಯರು ಹೇಳಿದ್ದಾರೆ. "ಈ ಆಪರೇಷನ್ ಆದವರ ದನಿ ಹೋಗುತ್ತದೆಂದು ಎಲ್ಲರೂ ಹೆದರಿಸುತ್ತಾರೆ. ನಾಲ್ಕು ತಿಂಗಳಿಂದ ಮುಂದೂಡುತ್ತಾ ಬಂದಿದ್ದೇವೆ. ಈಗ ನರ ಕಾಯುವ ಯಂತ್ರ ಬಂದಿದೆಯಂತೆ. ಅದಿದ್ದರೆ ಹೆದರಬೇಕಿಲ್ಲವೇ?" ಎಂಬುದು ಆ ತಾಯಿಯ ಪ್ರಶ್ನೆ.

ಇಂಥ ಕಾಗದಕ್ಕೆ 'ಹೆದರಬೇಡಿ' ಎಂದು ಒಂದೇ ಮಾತಿನ ಉತ್ತರ ಬರೆದರೆ ಅದು ಉತ್ತರವಾಗುವುದಿಲ್ಲ. ಹೆದರಿಕೆ ಎಲ್ಲಿಂದ ಬಂತು, ಅದರಲ್ಲಿ ನಿಜವೆಷ್ಟು ಎಂದು ನೋಡೋಣ.

ಥೈರಾಯ್ಡ್ ನಮ್ಮ ಕೊರಳ ಮುಂಭಾಗದಲ್ಲಿ, ಶ್ವಾಸನಾಳವನ್ನು ಅಪ್ಪಿಕೊಂಡು ಕೂತಿರುವ ಚಿಟ್ಟೆಯಾಕಾರದ ಗ್ರಂಥಿ. ತೂಕ ಸುಮಾರು 20 ಗ್ರಾಂ. ಉಪ್ಪಿನಲ್ಲಿ ಸಿಗುವ ಅಯೋಡಿನ್ ಬಳಸಿ ಇದು ತಯಾರಿಸುವ ಹಾರ್ಮೋನುಗಳು ಮಕ್ಕಳ ಬೆಳವಣಿಗೆ, ಬುದ್ಧಿ, ದೇಹದ ಕಾವು ಎಲ್ಲವನ್ನೂ ನಿಯಂತ್ರಿಸುತ್ತವೆ. ಇದಕ್ಕೂ ದನಿಗೂ ನೇರ ಸಂಬಂಧವಿಲ್ಲ. ಆದರೆ ಇದರ ಬೆನ್ನಿಗೇ, ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವಿನ ಸಂದಿನಲ್ಲಿ, ಎರಡೂ ಬದಿಗೆ ಒಂದೊಂದು ನರ ಹಾದುಹೋಗುತ್ತದೆ. ದಪ್ಪ ಹೆಚ್ಚೆಂದರೆ ಒಂದೆರಡು ಮಿಲಿಮೀಟರ್. ಧ್ವನಿತಂತುಗಳನ್ನು ಆಡಿಸುವುದು ಈ ನರವೇ.

ಈ ನರದ ಹಾದಿ ಬಲು ವಿಚಿತ್ರ. ಮಿದುಳಿನಿಂದ ಇಳಿದುಬರುವ ವೇಗಸ್ ನರದ ಕವಲು ಇದು. ನೇರವಾಗಿ ಧ್ವನಿಪೆಟ್ಟಿಗೆಗೆ ಹೋಗುವುದು ಬಿಟ್ಟು ಎದೆಗೂಡಿನತ್ತ ಇಳಿಯುತ್ತದೆ. ಎಡಗಡೆ ಮಹಾಪಧಮನಿಯ ಕಮಾನನ್ನು ಸುತ್ತಿ, ಬಲಗಡೆ ತೋಳಿಗೆ ಹೋಗುವ ರಕ್ತನಾಳವನ್ನು ಬಳಸಿ ಮತ್ತೆ ಮೇಲಕ್ಕೆ ಹತ್ತುತ್ತದೆ. ಜಿರಾಫೆಯಲ್ಲಿ ಈ ಸುತ್ತುದಾರಿ ಹಲವು ಮೀಟರ್ ಉದ್ದ! ಅಪರೂಪಕ್ಕೆ ಕೆಲವರಲ್ಲಿ ಬಲಗಡೆಯ ನರ ಸುತ್ತು ಹಾಕದೆ ನೇರವಾಗಿಯೇ ಬಂದಿರುತ್ತದೆ. ಶಸ್ತ್ರವೈದ್ಯರು ನಿರೀಕ್ಷಿಸಿದ ಜಾಗದಲ್ಲಿ ಆಗ ಅದು ಸಿಗುವುದೇ ಇಲ್ಲ.

ಈ ನರಕ್ಕೂ ದನಿಗೂ ಇರುವ ನಂಟನ್ನು ಮೊದಲು ತೋರಿಸಿಕೊಟ್ಟವನು ಎರಡನೇ ಶತಮಾನದ ವೈದ್ಯ ಗೇಲನ್. ರೋಮ್ ನಗರದಲ್ಲಿ ಜನರೆದುರೇ, ಕಿರುಚಾಡುತ್ತಿದ್ದ ಹಂದಿಯೊಂದರ ಈ ನರಗಳಿಗೆ ಕತ್ತರಿ ಹಾಕಿದ. ಹಂದಿ ಕೊಸರಾಡುತ್ತಲೇ ಇತ್ತು, ಆದರೆ ಕಿರುಚಾಟ ನಿಂತುಹೋಯಿತು. ದನಿಯ ಒಡೆತನ ಹೃದಯದ್ದಲ್ಲ, ಮಿದುಳಿನದು ಎಂದು ಅವನು ವಾದಿಸಿದ್ದು ಇಂಥ ಪ್ರಯೋಗಗಳ ಬಲದಿಂದ.

ಹತ್ತೊಂಬತ್ತನೇ ಶತಮಾನದಲ್ಲಿ ಥೈರಾಯ್ಡ್ ಶಸ್ತ್ರಚಿಕಿತ್ಸೆ ಎಂದರೆ ಪ್ರಾಣದ ಮೇಲಿನ ಆಸೆ ಬಿಟ್ಟಂತೆಯೇ. ಅದನ್ನು ಬದಲಿಸಿದವರು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಥಿಯೋಡರ್ ಕೋಕರ್. ರಕ್ತಸ್ರಾವ ತಡೆದು, ಶುಚಿತ್ವ ಪಾಲಿಸಿ, ನಿಧಾನವಾಗಿ ಬಿಡಿಸುವ ಅವರ ಕ್ರಮದಿಂದ ಸಾವಿನ ಪ್ರಮಾಣ ಕಡೆಕಡೆಗೆ ನೂರಕ್ಕೆ ಒಂದಕ್ಕಿಂತ ಕೆಳಗಿಳಿಯಿತು. ಆದರೆ 1874ರಲ್ಲಿ ಅವರು ಹನ್ನೊಂದು ವರ್ಷದ ಹುಡುಗಿಯೊಬ್ಬಳ ಥೈರಾಯ್ಡನ್ನು ಪೂರ್ತಿ ತೆಗೆದಿದ್ದರು. ಕೆಲವು ವರ್ಷಗಳ ಮೇಲೆ ಅವಳನ್ನು ಮತ್ತೆ ಕಂಡಾಗ ಬೆಳವಣಿಗೆ ನಿಂತು, ಮುಖ ಊದಿ, ಬುದ್ಧಿ ಮಂದವಾಗಿತ್ತು. ಅವಳ ತಂಗಿ ಎತ್ತರವಾಗಿ ಬೆಳೆದಿದ್ದಳು. ಕೋಕರ್ ಇದನ್ನು ಮುಚ್ಚಿಡಲಿಲ್ಲ. 1883ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯರ ಸಭೆಯಲ್ಲಿ ತಮ್ಮ ಕೈಯಿಂದಲೇ ಆದದ್ದನ್ನು ವಿವರಿಸಿದರು. ಥೈರಾಯ್ಡ್ ಏನು ಕೆಲಸ ಮಾಡುತ್ತದೆ ಎಂಬುದು ಸ್ಪಷ್ಟವಾಗಲು ಅದು ದಾರಿಯಾಯಿತು. 1909ರಲ್ಲಿ ಅವರಿಗೆ ನೊಬೆಲ್ ಬಹುಮಾನ ಸಂದಿತು. ತಪ್ಪನ್ನು ಒಪ್ಪಿಕೊಂಡವರಿಂದಲೇ ವಿಜ್ಞಾನ ಬೆಳೆದಿದೆ ಎಂಬುದನ್ನು ವಿದ್ಯಾರ್ಥಿ ಮಿತ್ರರು ನೆನಪಿಡಬೇಕು. ಇಂದು ಥೈರಾಯ್ಡ್ ಪೂರ್ತಿ ತೆಗೆದರೂ ದಿನಕ್ಕೊಂದು ಥೈರಾಕ್ಸಿನ್ ಮಾತ್ರೆ ಆ ಕೊರತೆ ತುಂಬುತ್ತದೆ.

ಇನ್ನು ಪರೀಕ್ಷೆಗಳ ವಿಷಯ. ಕೊರಳಲ್ಲಿ ಗಂಟು ಕಂಡರೆ ಮೊದಲು ರಕ್ತದಲ್ಲಿ ಟಿಎಸ್ಎಚ್ ಎಷ್ಟಿದೆ ಎಂದು ನೋಡುತ್ತಾರೆ. ಥೈರಾಯ್ಡಿಗೆ 'ಕೆಲಸ ಮಾಡು' ಎಂದು ಪಿಟ್ಯುಟರಿ ಗ್ರಂಥಿ ಕಳಿಸುವ ಹಾರ್ಮೋನ್ ಇದು. ಜೊತೆಗೆ ಅಲ್ಟ್ರಾಸೌಂಡ್. ಗಂಟಿನ ಅಂಚು ನಯವೋ ಒರಟೋ, ಒಳಗೆ ನೀರಿದೆಯೋ ಗಟ್ಟಿಯೋ, ಸುಣ್ಣದ ಚುಕ್ಕಿಗಳಿವೆಯೋ ಎಂಬುದು ಇದರಲ್ಲಿ ತಿಳಿಯುತ್ತದೆ. ಅನುಮಾನ ಬಂದರೆ ಸಣ್ಣ ಸೂಜಿ ಚುಚ್ಚಿ ಒಂದಿಷ್ಟು ಜೀವಕೋಶಗಳನ್ನು ಹೀರಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದೇ ಎಫ್ಎನ್ಎಸಿ. ದೊಡ್ಡವರಲ್ಲಿ ಥೈರಾಯ್ಡ್ ಗಂಟುಗಳು ಬಲು ಸಾಮಾನ್ಯ, ಹೆಚ್ಚಿನವು ನಿರಪಾಯ. ಮಕ್ಕಳಲ್ಲಿ ಗಂಟು ವಿರಳ; ಬಂದರೆ ಕ್ಯಾನ್ಸರ್ ಇರುವ ಸಾಧ್ಯತೆ ದೊಡ್ಡವರಿಗಿಂತ ಹೆಚ್ಚು. ಹಾಗೆಂದು ಕಂಗೆಡಬೇಕಿಲ್ಲ. ಹದಿವಯಸ್ಸಿನವರಲ್ಲಿ ಸಾಮಾನ್ಯವಾಗಿ ಕಾಣುವ ಥೈರಾಯ್ಡ್ ಕ್ಯಾನ್ಸರ್ ಚಿಕಿತ್ಸೆಗೆ ಬಹಳ ಚೆನ್ನಾಗಿ ಬಗ್ಗುತ್ತದೆ. ಆದರೆ ಪರೀಕ್ಷೆ ಮಾಡಿಸದೆ ಕೂರುವುದು ತಪ್ಪು.

ಸೂಜಿ ಪರೀಕ್ಷೆಯ ವರದಿಗಳನ್ನು ಆರು ವರ್ಗಗಳಾಗಿ ವಿಂಗಡಿಸುವ ಪದ್ಧತಿ 2007ರಲ್ಲಿ ಅಮೆರಿಕದ ಬೆಥೆಸ್ಡಾ ಎಂಬಲ್ಲಿ ಸೇರಿದ ತಜ್ಞರಿಂದ ಬಂತು. ಒಂದನೆಯದು ಸಾಕಷ್ಟು ಜೀವಕೋಶ ಸಿಗದ ವರದಿ, ಎರಡನೆಯದು ನಿರಪಾಯ, ಆರನೆಯದು ಕ್ಯಾನ್ಸರ್. ಮೂರು ಮತ್ತು ನಾಲ್ಕು ಎಂದರೆ ಖಚಿತವಾಗಿ ಹೇಳಲಾಗದ್ದು. ಐದು ಎಂದರೆ ಬಲವಾದ ಶಂಕೆ. ನಮ್ಮ ಹುಡುಗಿಯದು ನಾಲ್ಕು. ವೈದ್ಯರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ತಾಯಿಗೆ ಅನ್ನಿಸಿದೆ. ಹಾಗಲ್ಲ. ಈ ಬಗೆಯ ಗಂಟಿನಲ್ಲಿ ಒಂದೊಂದು ಜೀವಕೋಶ ನೋಡಿ ತೀರ್ಪು ಕೊಡಲಾಗದು. ಗಂಟಿನ ಸುತ್ತಲಿನ ಪೊರೆಯನ್ನೋ ರಕ್ತನಾಳವನ್ನೋ ಅದು ಭೇದಿಸಿದೆಯೇ ಎಂದು ನೋಡಬೇಕು. ಬೇಲಿ ಮುರಿದಿದೆಯೇ ಎಂದು ತಿಳಿಯಲು ಬೇಲಿಯನ್ನೇ ನೋಡಬೇಕಷ್ಟೆ. ಗದ್ದೆಯಿಂದ ಒಂದು ಹಿಡಿ ಮಣ್ಣು ತಂದರೆ ಸಾಲದು. ಅದಕ್ಕೇ ಗಂಟಿರುವ ಅರ್ಧವನ್ನು ಪೂರ್ತಿ ತೆಗೆದು ಪರೀಕ್ಷಿಸುವುದು. ಇಲ್ಲಿ ಆಪರೇಷನ್ನೇ ಒಂದು ಪರೀಕ್ಷೆ. ಈಚೆಗೆ ಕೆಲವು ಕಡೆ ಜೀನ್ ಪರೀಕ್ಷೆಗಳೂ ನೆರವಿಗೆ ಬಂದಿವೆ, ಆದರೆ ಖರ್ಚು ಜಾಸ್ತಿ.

ಬಹಳ ಜನ ಕೇಳದಿರುವ ಇನ್ನೊಂದು ಪರೀಕ್ಷೆ ಇದೆ. ಆಪರೇಷನ್ನಿಗೆ ಮೊದಲೇ ಮೂಗಿನ ಮೂಲಕ ತೆಳುವಾದ ಕೊಳವೆ ಇಳಿಸಿ ಧ್ವನಿತಂತುಗಳು ಆಡುತ್ತಿವೆಯೇ ಎಂದು ಕಣ್ಣಾರೆ ನೋಡುವುದು. ದನಿ ಚೆನ್ನಾಗಿದೆಯಲ್ಲ, ಇದೇಕೆ ಎನ್ನಬೇಡಿ. ಒಂದು ತಂತು ಸೋತರೂ ಇನ್ನೊಂದು ಅದನ್ನು ಸರಿದೂಗಿಸಿಕೊಂಡು ದನಿ ಸರಿಯಾಗಿಯೇ ಕೇಳಿಸಬಹುದು.

ಈಗ ಯಂತ್ರದ ಮಾತು. ಯಂತ್ರಕ್ಕಿಂತ ಮೊದಲು ಬಂದದ್ದು ಕಣ್ಣಿನ ಶಿಸ್ತು. ನರವನ್ನು ಮುಟ್ಟದೆ, ಅದರ ತಂಟೆಗೇ ಹೋಗದಿರುವುದೇ ಕ್ಷೇಮ ಎಂದು ಹಿಂದೆ ಹಲವರು ನಂಬಿದ್ದರು. 1938ರಲ್ಲಿ ಬೋಸ್ಟನ್ನಿನ ಫ್ರಾಂಕ್ ಲೇಹಿ ಇದಕ್ಕೆ ವಿರುದ್ಧವಾದ ಮಾತು ಹೇಳಿದರು: ಪ್ರತಿಸಲವೂ ನರವನ್ನು ಹುಡುಕಿ, ಬಿಡಿಸಿ, ಕಣ್ಣೆದುರು ಇಟ್ಟುಕೊಂಡೇ ಕೆಲಸ ಮಾಡಿದರೆ ಹಾನಿ ಕಡಿಮೆ. ಇಂದಿಗೂ ಇದೇ ಮೂಲಸೂತ್ರ.

ಆದರೆ ಕಣ್ಣಿಗೆ ಕಾಣುವ ನರ ಜೀವಂತ ಕೆಲಸ ಮಾಡುತ್ತಿದೆಯೇ? ಹೆಚ್ಚಿನ ಹಾನಿ ಆಗುವುದು ಕತ್ತರಿಯಿಂದಲ್ಲ, ಎಳೆತದಿಂದ. ಎಳೆದಾಡಿಸಿಕೊಂಡ ನರ ನೋಡಲು ಚೆನ್ನಾಗಿಯೇ ಇರುತ್ತದೆ. ಇಲ್ಲಿ ಯಂತ್ರ ನೆರವಾಗುತ್ತದೆ. ಅದರ ತತ್ತ್ವ ಹೊಸದೇನಲ್ಲ. ಕಪ್ಪೆಯ ಕಾಲಿನ ನರಕ್ಕೆ ವಿದ್ಯುತ್ ತಾಗಿದರೆ ಕಾಲು ಸೆಟೆಯುತ್ತದೆಂದು ಇಟಲಿಯ ಗ್ಯಾಲ್ವಾನಿ 1791ರಲ್ಲೇ ಪ್ರಕಟಿಸಿದ್ದರು. ಅರಿವಳಿಕೆ ಕೊಡುವಾಗ ಶ್ವಾಸನಾಳಕ್ಕೆ ಇಳಿಸುವ ಕೊಳವೆಯ ಮೇಲೆ ವಿದ್ಯುತ್ ಗ್ರಾಹಕಗಳಿರುತ್ತವೆ. ಅವು ಧ್ವನಿತಂತುಗಳಿಗೆ ತಾಗಿಕೊಂಡಿರುತ್ತವೆ. ಶಸ್ತ್ರವೈದ್ಯರು ಪುಟ್ಟ ಕಡ್ಡಿಯಿಂದ ನರಕ್ಕೆ ಸುಮಾರು ಒಂದು ಮಿಲಿ ಆಂಪಿಯರ್ ವಿದ್ಯುತ್ ಮುಟ್ಟಿಸುತ್ತಾರೆ. ನರ ಸರಿಯಿದ್ದರೆ ಧ್ವನಿತಂತುವಿನ ಸ್ನಾಯು ಮಿಡಿಯುತ್ತದೆ, ಪರದೆಯ ಮೇಲೆ ಅಲೆ ಏಳುತ್ತದೆ, ಸದ್ದೂ ಕೇಳುತ್ತದೆ. ಅಲೆಯ ಎತ್ತರ 500 ಮೈಕ್ರೋವೋಲ್ಟಿಗಿಂತ ಹೆಚ್ಚಿದ್ದರೆ ನೆಮ್ಮದಿ. 100ಕ್ಕಿಂತ ಕೆಳಗಿಳಿದರೆ ಸಂಕೇತ ಹೋಯಿತೆಂದು ಲೆಕ್ಕ. ಗಂಟು ತೆಗೆಯುವ ಮೊದಲೂ ತೆಗೆದ ಮೇಲೂ ಹೀಗೆ ಪರೀಕ್ಷಿಸಿ ಹೋಲಿಸುತ್ತಾರೆ.

ಸಂಕೇತ ಹೋದರೆ ನರವೇ ಹೋಯಿತು ಎಂದಲ್ಲ. ಕೊಳವೆ ಜರುಗಿರಬಹುದು, ಸ್ನಾಯು ಸಡಿಲಿಸುವ ಔಷಧಿಯ ಪ್ರಭಾವ ಇನ್ನೂ ಉಳಿದಿರಬಹುದು. ಇವೆಲ್ಲ ನೋಡಿದ ಮೇಲೂ ಸಂಕೇತ ಬಾರದಿದ್ದರೆ ಯಂತ್ರದ ನಿಜವಾದ ಉಪಕಾರ ಆಗ ಕಾಣುತ್ತದೆ. ಎರಡೂ ಬದಿ ತೆಗೆಯಬೇಕಾದ ರೋಗಿಯಲ್ಲಿ ಒಂದು ಬದಿಯ ನರ ಸೋತಿದ್ದರೆ, ಅಲ್ಲಿಗೇ ನಿಲ್ಲಿಸಿ ಎರಡನೇ ಬದಿಯನ್ನು ಮುಂದೆಂದಾದರೂ ಮಾಡಬಹುದು. ಏಕೆಂದರೆ ಒಂದು ನರ ಸೋತರೆ ದನಿ ಗೊಗ್ಗರಾದೀತು. ಎರಡೂ ಸೋತರೆ ತಂತುಗಳು ಮುಚ್ಚಿಕೊಂಡು ಉಸಿರೇ ಕಟ್ಟುತ್ತದೆ, ಕೊರಳಿಗೆ ರಂಧ್ರ ಮಾಡಿ ಉಸಿರಾಟಕ್ಕೆ ದಾರಿ ಮಾಡಬೇಕಾಗಿ ಬರಬಹುದು.

ಹಾಗಾದರೆ ಯಂತ್ರವಿದ್ದಲ್ಲಿ ದನಿ ಹೋಗುವುದೇ ಇಲ್ಲವೇ? ಹಾಗೆ ಹೇಳಿದರೆ ಸುಳ್ಳಾದೀತು. ನುರಿತ ಕೈಗಳಲ್ಲಿ ಈ ನರಕ್ಕೆ ಶಾಶ್ವತ ಹಾನಿ ನೂರಕ್ಕೆ ಒಂದೆರಡು. ಯಂತ್ರ ಬಳಸಿದರೆ ಅದು ಇನ್ನೂ ಇಳಿಯುತ್ತದೆ ಎಂದು ಅಧ್ಯಯನಗಳು ಖಚಿತವಾಗಿ ತೋರಿಸಿಲ್ಲ. ಯಂತ್ರ ಕಾವಲುಗಾರನೇ ಹೊರತು ಕೈ ಅಲ್ಲ. ಈ ಆಪರೇಷನ್ನನ್ನು ಮೇಲಿಂದ ಮೇಲೆ ಮಾಡುವ ವೈದ್ಯರ ಅನುಭವವೇ ಮುಖ್ಯ.

ಹಾಡುವವರಿಗೆ ಇನ್ನೊಂದು ನರವೂ ಮುಖ್ಯ. ಥೈರಾಯ್ಡಿನ ಮೇಲ್ತುದಿಯ ಬಳಿ ಹಾಯುವ ಸಣ್ಣ ಕವಲು ಅದು. ಧ್ವನಿತಂತುವನ್ನು ಬಿಗಿಗೊಳಿಸಿ ತಾರಸ್ಥಾಯಿಗೆ ಏರಿಸುತ್ತದೆ. ಇಟಲಿಯ ಪ್ರಸಿದ್ಧ ಗಾಯಕಿ ಅಮೆಲಿಟಾ ಗ್ಯಾಲಿ-ಕುರ್ಚಿಗೆ 1935ರಲ್ಲಿ ಶಿಕಾಗೋದಲ್ಲಿ ಗಳಗಂಡದ ಆಪರೇಷನ್ ಆದಾಗ ಈ ನರ ತುಂಡಾಗಿ ಕಂಠ ಹಾಳಾಯಿತು ಎಂಬ ಕಥೆ ವೈದ್ಯಕೀಯ ವಿದ್ಯಾರ್ಥಿಗಳ ತಲೆಮಾರುಗಳಿಗೆ ಪಾಠವಾಗಿತ್ತು. ಹಳೆಯ ದಾಖಲೆ, ವಿಮರ್ಶೆಗಳನ್ನು ಜಾಲಾಡಿದ ಸಂಶೋಧಕರು 2001ರಲ್ಲಿ ಈ ಕಥೆಗೆ ಆಧಾರ ಸಾಲದೆಂದರು. ಕಥೆ ಅನುಮಾನದ್ದಾದರೂ ಪಾಠ ಸರಿಯೇ. ನಿಮ್ಮ ಮಗಳು ಹಾಡುತ್ತಾಳೆ ಎಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಿ.

ಇಷ್ಟು ಹೇಳಿ ಆ ತಾಯಿಗೆ ನನ್ನ ಉತ್ತರ. ನಿಮ್ಮ ಮಗಳದು ಒಂದೇ ಬದಿಯ ಆಪರೇಷನ್. ಎಡಗಡೆಯ ನರದ ತಂಟೆಗೆ ಯಾರೂ ಹೋಗುವುದಿಲ್ಲ. ಉಳಿದರ್ಧ ಥೈರಾಯ್ಡ್ ಎಷ್ಟೋ ಜನರಿಗೆ ಸಾಕಾಗುತ್ತದೆ. ಆಪರೇಷನ್ ಆದ ಮೇಲೆ ಕೆಲವು ದಿನ ದನಿ ಗೊಗ್ಗರಾಗುವುದು ಸಾಮಾನ್ಯ. ನರ ಎಳೆತಕ್ಕೆ ಸಿಕ್ಕಿ ಸೋತಿದ್ದರೂ ಹೆಚ್ಚಿನವರಲ್ಲಿ ವಾರಗಳಲ್ಲೋ ತಿಂಗಳುಗಳಲ್ಲೋ ಚೇತರಿಸಿಕೊಳ್ಳುತ್ತದೆ. ಧ್ವನಿ ವ್ಯಾಯಾಮವೂ ನೆರವಾಗುತ್ತದೆ. ವೈದ್ಯರನ್ನು ಸಂಕೋಚವಿಲ್ಲದೆ ನಾಲ್ಕು ಪ್ರಶ್ನೆ ಕೇಳಿ: ವರ್ಷಕ್ಕೆ ಇಂಥ ಆಪರೇಷನ್ ಎಷ್ಟು ಮಾಡುತ್ತೀರಿ? ಮೊದಲೂ ಆಮೇಲೂ ಧ್ವನಿತಂತು ನೋಡುತ್ತೀರಾ? ನರ ಪರೀಕ್ಷಿಸುವ ಯಂತ್ರವಿದೆಯೇ? ಪರೀಕ್ಷೆ ಮುಗಿಯುವವರೆಗೆ ಕಾಯಬಹುದೇ? ಇಂಥ ಗಂಟುಗಳು ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುವುದರಿಂದ ಕೆಲವು ವಾರ ಕಾಯಿರಿ ಎಂದು ಅವರೇ ಹೇಳಬಹುದು. ಹಾಗಿದ್ದರೆ ಅಂದೇ ತಾರೀಕು ಗೊತ್ತುಮಾಡಿಕೊಂಡು ಬನ್ನಿ. ವೈದ್ಯರನ್ನು ಕೇಳಿ ಕಾಯುವುದು ಬೇರೆ, ಹೆದರಿ ಮುಂದೂಡುವುದು ಬೇರೆ.

ಮತ್ತೊಂದು ಮಾತು. ನಿಮ್ಮ ಕಾಗದದಲ್ಲಿ ಮಗಳು ಏನು ಹೇಳುತ್ತಾಳೆ ಎಂಬುದೇ ಇಲ್ಲ. ಕೊರಳು ಅವಳದು, ದನಿಯೂ ಅವಳದು. ವೈದ್ಯರ ಬಳಿ ಹೋಗುವಾಗ ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಮೊದಲ ಪ್ರಶ್ನೆಯನ್ನು ಅವಳೇ ಕೇಳಲಿ.