ಸೊಂಟನೋವಿಗೆ ಬೆಲ್ಟ್ ಕಟ್ಟಿದರೆ ಸಾಕಾ?

ದೀಪಾಂಜಲಿ ನಗರದ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ನಮಗೆ ನಮ್ಮ ಊರುಕಡೆಯವರೇ ಎದುರಾಗುತ್ತಾರೆ. ಗಾರ್ಮೆಂಟ್ಸ್‌ಗೆ ಹೋಗುವ ಅಕ್ಕಂದಿರು, ಬಿಎಂಟಿಸಿ ಡಿಪೊದ ಚಾಲಕರು. ಐದು ನಿಮಿಷ ಮಾತಿಗೆ ನಿಂತರೆ ಸೊಂಟನೋವಿನ ಸುದ್ದಿ ಬರುತ್ತದೆ. ಮದ್ದೂ ಎಲ್ಲರದ್ದೂ ಒಂದೇ: ಮೆಡಿಕಲ್ ಶಾಪಿನ ಮಾತ್ರೆ, ಒಂದು ಬೆಲ್ಟು, 'ಬಗ್ಗಬೇಡ, ಮಲಗು' ಅನ್ನೋ ಬುದ್ಧಿಮಾತು.

ಇದು ತಪ್ಪು ಅಂತ ನಾವು ಹೇಳುತ್ತೇವೆ. ಮೂರು ತಿಂಗಳು ದಾಟಿದ, ಬೇರೆ ಕಾಯಿಲೆಯಿಂದ ಬಂದಿಲ್ಲದ ಸೊಂಟನೋವಿಗೆ ವ್ಯಾಯಾಮ ಮಾಡಿಸಿ, ಬೆಲ್ಟ್ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲೇ ಹೇಳಿದೆ.

ನಾವು ಕೈ ಎತ್ತುವ ಮೊದಲೇ ಹೊಟ್ಟೆಯ ಒಳಪದರದ ಸ್ನಾಯು ಬಿಗಿಯಾಗಿ ಸೊಂಟವನ್ನು ಹಿಡಿದುಕೊಳ್ಳುತ್ತದೆ. ನೋವಿರುವವರಲ್ಲಿ ಅದು ತಡಮಾಡುತ್ತದೆ ಎಂದು ಹಾಡ್ಜಸ್ ಮತ್ತು ರಿಚರ್ಡ್‌ಸನ್ 1996ರಲ್ಲಿ ತೋರಿಸಿದರು. 'ಕೋರ್' ವ್ಯಾಯಾಮ ಜೋರಾಗಿ ಹಬ್ಬಿದ್ದು ಆಮೇಲೆ. ಚಾಪೆಯ ಮೇಲೆ ಮಂಡಿ, ಅಂಗೈ ಊರಿ. ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ, ಉಸಿರು ಕಟ್ಟದೆ ಎಂಟು ಎಣಿಸಿ. ಆಮೇಲೆ ಇನ್ನೊಂದು ಬದಿ. ಅಷ್ಟೇ.

ಇದು ಮಂತ್ರವಲ್ಲ. ನಡಿಗೆ, ಯೋಗದಂಥ ಬೇರೆ ವ್ಯಾಯಾಮಕ್ಕಿಂತ ಇದು ಹೆಚ್ಚೇನಲ್ಲ ಎಂದೇ ನಂತರದ ಅಧ್ಯಯನಗಳು ಹೇಳುತ್ತವೆ. ಹಾಗಾಗಿ ದುಬಾರಿ 'ಕೋರ್ ಪ್ಯಾಕೇಜ್'ಗೆ ದುಡ್ಡು ಸುರಿಯಬೇಡಿ. ಆದರೆ ಕಾಲಿನ ಬಲ ಕುಂದಿದರೆ, ತೊಡೆಸಂದಿ ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ವ್ಯಾಯಾಮ ಬಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ.

'ಹತ್ತು ನಿಮಿಷ ಎಲ್ಲಿಂದ ತರೋದು?' ಅಂತಾರೆ ಅಕ್ಕಂದಿರು. ಕೇಳೋದು ನ್ಯಾಯವೇ. ಬೆಳಗಿನ ಜಾವ ಎದ್ದು ಅಡುಗೆ, ಆಮೇಲೆ ದಿನವಿಡೀ ಹೊಲಿಗೆ ಮಿಷನ್ ಮುಂದೆ ಬಗ್ಗಿ ಕೂರೋದು. ಆ ಹತ್ತು ನಿಮಿಷ ಶಿಫ್ಟಿನೊಳಗೇ ಸಿಗಬೇಕು, ಸಂಬಳ ಕಡಿತ ಮಾಡದೆ.